ಅಂಗಡಿ ಫೋನು, ಮನೆ ಫೋನು, ನಡುವಿನ ಪೆಟ್ಟಿಗೆ

ತೊಂಬತ್ತರ ದಶಕದ ಮೊದಲಲ್ಲಿ ಮಸ್ಕಿಯ ನಮ್ಮ ಬಟ್ಟೆ ಅಂಗಡಿಗೆ ಫೋನು ಬಂದಾಗ ಇಲಾಖೆಯವರು ಅದರ ಜೊತೆ ಒಂದು ಪೆಟ್ಟಿಗೆಯನ್ನೂ ಕೊಟ್ಟರು. ಅಪ್ಪ ಕೇಳಿದ್ದು ಒಂದೇ ನಂಬರಿಗೆ ಎರಡು ಫೋನು. ಅಂಗಡಿಗೆ ಒಂದು, ಅಂಗಡಿಯ ಹಿಂದೆಯೇ ಇದ್ದ ಮನೆಗೆ ಒಂದು. ಎರಡರ ನಡುವೆ ಈ ಪೆಟ್ಟಿಗೆ. ಅದರ ಮುಖದ ಮೇಲೆ ಹೆಬ್ಬೆರಳಿನಷ್ಟು ದಪ್ಪದ ಒಂದು ಹಿಡಿ. ಎಡಕ್ಕೆ ತಿರುಗಿಸಿದರೆ ಹೊರಗಿನ ಕರೆ ಅಂಗಡಿಗೆ, ಬಲಕ್ಕೆ ತಿರುಗಿಸಿದರೆ ಮನೆಗೆ. ನಡುವೆ ನಿಲ್ಲಿಸಿದರೆ ಅಂಗಡಿಯವರೂ ಮನೆಯವರೂ ತಮ್ಮತಮ್ಮಲ್ಲೇ ಮಾತಾಡಿಕೊಳ್ಳಬಹುದಿತ್ತು. ಆ ಸೌಲಭ್ಯವನ್ನು ನಾವು ಬಳಸಲೇ ಇಲ್ಲ. ಅವ್ವ ಅಡುಗೆಮನೆಯಿಂದ ಕೂಗಿದರೆ ಅಪ್ಪನಿಗಷ್ಟೇ ಅಲ್ಲ, ಸೀರೆ ನೋಡುತ್ತಿದ್ದ ಗಿರಾಕಿಗಳಿಗೂ ಸ್ಪಷ್ಟವಾಗಿ ಕೇಳುತ್ತಿತ್ತು.

ಪೆಟ್ಟಿಗೆಯನ್ನು ಜಡಿದದ್ದು ಅಂಗಡಿಯ ಗೋಡೆಗೆ, ಅಪ್ಪನ ಗಾದಿಯ ಮೇಲೆ. ಹಾಗಾಗಿ ಮನೆಗೆ ಕರೆ ಬರಬೇಕೋ ಬೇಡವೋ ಎಂಬುದು ಗಾದಿಯ ಮೇಲೆ ಕೂತವರ ಕೈಯಲ್ಲಿತ್ತು. ಕೂತಿರುತ್ತಿದ್ದವರು ಇಬ್ಬರು. ಅಪ್ಪ, ಇಲ್ಲದಿದ್ದರೆ ನಮ್ಮ ಹಳೆಯ ಗುಮಾಸ್ತ. ನನಗೆ ಯಾರಾದರೂ ಫೋನು ಮಾಡಿದರೆ ಗುಮಾಸ್ತ ಮೊದಲು ವಿಚಾರಣೆ ಮುಗಿಸುತ್ತಿದ್ದ. “ಯಾರ್ರೀ? ಯಾವೂರಿಂದ್ರೀ? ಯಾಕ ಬೇಕಾಗಿತ್ರೀ?” ಆಮೇಲೆ ಹಿಡಿ ತಿರುಗಿಸುವ ಕಷ್ಟ ತೆಗೆದುಕೊಳ್ಳದೆ ಹಿಂಬಾಗಿಲಿನತ್ತ ಕೂಗುತ್ತಿದ್ದ. “ಅಕ್ಕಾರ, ನಿಮ್ಮ ಗೆಳತೀದು ಫೋನ್! ಕೆಮ್ಮು ಕಡಿಮಿ ಆಗೈತಂತ! ನಿಮ್ಮ ಪುಸ್ತಕ ಸಿಕ್ಕೈತಂತ! ಇಡ್ಲೇನ್ರಿ?”

ಫೋನು ಬಂದ ಮರುವರ್ಷ ನಾನು ಎಂ.ಎ. ಮುಗಿಸಿ ಮನೆಯಲ್ಲಿದ್ದೆ. ಅಷ್ಟು ಓದಿದ್ದು ಸಾಕು ಎಂದು ಅಪ್ಪ ತೀರ್ಮಾನಿಸಿದ್ದ. ನಾನು ಯಾರಿಗೂ ಹೇಳದೆ ಗುಲಬರ್ಗಾದಲ್ಲಿ ಸಂಶೋಧನೆಗೆ ಅರ್ಜಿ ಹಾಕಿದ್ದೆ. ಅಲ್ಲಿ ನನ್ನ ಜೊತೆ ಓದಿದ್ದ ಗೆಳತಿ ಕಾಗದ ಬರೆದಳು: ದೀಪಾವಳಿಗೆ ಮುಂಚೆ ಪಟ್ಟಿ ಹಾಕುತ್ತಾರೆ, ಪಾಡ್ಯದ ದಿನ ಬೆಳಿಗ್ಗೆ ಒಂಬತ್ತಕ್ಕೆ ಫೋನು ಮಾಡುತ್ತೇನೆ, ಸೀಟು ಬಂದಿದ್ದರೆ ಬರುತ್ತೀಯೋ ಇಲ್ಲವೋ ಆಗಲೇ ಹೇಳು, ಮರುದಿನ ಕಚೇರಿಗೆ ತಿಳಿಸದಿದ್ದರೆ ಅದು ಬೇರೆಯವರ ಪಾಲು. ನಾನು ಹೇಳಬೇಕಾದದ್ದು ಒಂದೇ ಮಾತು. ಕಾಗದ ಬರೆದರೆ ಹಬ್ಬದ ಗದ್ದಲದಲ್ಲಿ ಸಮಯಕ್ಕೆ ತಲುಪುವ ನಂಬಿಕೆಯಿಲ್ಲ, ಫೋನಿನಲ್ಲಿ ಗುಟ್ಟಾಗಿ ಹೇಳುವ ಜಾಗ ಮಸ್ಕಿಯಲ್ಲಿ ಇರಲಿಲ್ಲ. ಬಸ್‌ಸ್ಟ್ಯಾಂಡಿನ ಎಸ್‌ಟಿಡಿ ಬೂತು ಇಟ್ಟವನು ಗುಮಾಸ್ತನ ತಮ್ಮ.

ಪೆಟ್ಟಿಗೆಯನ್ನೇ ಮನೆಯೊಳಗೆ ತಂದುಬಿಟ್ಟರೆ ಹೇಗೆ ಎಂದು ಯೋಚಿಸಿದೆ. ಬಳೆ ತರುತ್ತೇನೆ ಎಂದು ಹೇಳಿ ಲಿಂಗಸುಗೂರಿನ ಬಸ್ಸು ಹತ್ತಿದೆ. ಪೆಟ್ಟಿಗೆಯ ಜಾಗ ಬದಲಿಸಲು ನಾನು ಬರೆದ ಅರ್ಜಿಯನ್ನು ಅಲ್ಲಿಯ ಫೋನು ಕಚೇರಿಯ ಕಾರಕೂನರು ಎರಡು ಸಲ ಓದಿದರು.

“ಕಾರಣ ಏನಂತ ಬರದೀರಿ? ಅನುಕೂಲ. ಯಾರ ಅನುಕೂಲ್ರಿ?”

“ಮನಿಯವರದು ರೀ.”

“ಮನಿಯವರು ಅಂದ್ರ ಯಜಮಾನ್ರು. ಅವರ ಸಹಿ ಎಲ್ಲೈತಿ?”

“ನಾನೂ ಮನಿಯಾಕೀನ ರೀ.”

“ಅದಕ್ಕ ಈ ಫಾರಂನಾಗ ಜಾಗಾ ಇಲ್ಲವ್ವಾ ತಂಗಿ. ಸಿಂಧನೂರಿಗೆ ಹೋಗು, ಸಾಹೇಬ್ರು ಅಲ್ಲಿ ಕುಂದರ್ತಾರ.”

ಮೂರು ದಿನ ಬಿಟ್ಟು ಸಿಂಧನೂರಿಗೆ ಹೋದೆ. ಸಾಹೇಬರು ಒಳ್ಳೆಯವರು. ಹಾಳೆ ತೆಗೆದು ಎರಡು ಚೌಕ ಬರೆದು, ನಡುವೆ ಗೆರೆ ಎಳೆದು ವಿವರಿಸಿದರು. “ಇದು ಅಂಗಡಿ, ದೊಡ್ಡದು. ಇದು ಮನಿ, ಸಣ್ಣದು. ಹೊರಗಿಂದ ಬಂದದ್ದು ಮೊದಲು ದೊಡ್ಡದಕ್ಕ ಹೋಗಬೇಕು. ಅದು ಬಿಟ್ರ ಸಣ್ಣದಕ್ಕ.” ದೊಡ್ಡದು ಬಿಡದಿದ್ದರೆ ಎಂದು ಕೇಳಿದೆ. “ಕೇಳಿ ಬಿಡಿಸ್ಕೋಬೇಕ್ರಿ,” ಎಂದರು. “ಪೆಟ್ಟಿಗಿ ನಮ್ಮದು, ಆದ್ರ ಹಿಡಿ ನಿಮ್ಮಪ್ಪಾರದು.” ಮಾತು ಉಳಿಸಿಕೊಳ್ಳಬೇಕಲ್ಲ, ಎರಡೂ ಊರಿನಲ್ಲಿ ಒಂದೊಂದು ಡಜನ್ ಬಳೆ ಕೊಂಡೆ. ನಾನು ಬಳೆ ತೊಡುವುದೇ ಕಡಿಮೆ. ಅವ್ವ ಏನೂ ಕೇಳದೆ ತೆಗೆದಿಟ್ಟಳು.

ಅಮಾವಾಸ್ಯೆ ಬಂತು. ಅಂದು ಸಂಜೆ ಅಂಗಡಿಯಲ್ಲಿ ಲಕ್ಷ್ಮೀಪೂಜೆ. ಗಜಕೋಲು, ಕತ್ತರಿ, ಹೊಸ ಖಾತೆ ಪುಸ್ತಕ, ಎಲ್ಲಕ್ಕೂ ವಿಭೂತಿ, ಕುಂಕುಮ, ಹೂವು. ಒಮ್ಮೆ ಪೂಜೆಯಾದದ್ದನ್ನು ಮರುದಿನ ಪೂಜೆ ಎತ್ತುವ ತನಕ ಯಾರೂ ಮುಟ್ಟುವಂತಿಲ್ಲ. ಕತ್ತರಿ ಬಾಯಿ ತೆರೆದಿದ್ದರೆ ತೆರೆದಂತೆಯೇ ಇರಬೇಕು. ಪಾಡ್ಯದಂದು ಪೂಜೆ ಎತ್ತುವುದು ಹತ್ತೂವರೆಗೆ, ಪೂಜೆ ಮಾಡಿಸುವ ಅಯ್ಯನೋರು ಬಂದ ಮೇಲೆ. ಅಲ್ಲಿಯವರೆಗೆ ಅಂಗಡಿ ಬಂದ್. ಪೆಟ್ಟಿಗೆಯ ಹಿಡಿ ಅಂಗಡಿಯ ಕಡೆಗೇ ಇದ್ದರೆ ಗೆಳತಿಯ ಕರೆ ಮುಚ್ಚಿದ ಬಾಗಿಲ ಹಿಂದೆ ಗಜಕೋಲಿಗೆ ಕೇಳಿಸುತ್ತದೆ, ಅಷ್ಟೆ.

ಹೂವು ಕಟ್ಟುವ ಕೆಲಸ ನನ್ನದು. ಅಪ್ಪ ಖಾತೆ ಪುಸ್ತಕಕ್ಕೆ ಅರಿಷಿಣ ಹಚ್ಚುತ್ತಿದ್ದಾಗ ನಾನು ಸ್ಟೂಲಿನ ಮೇಲೆ ಹತ್ತಿ ಹಿಡಿಯನ್ನು ಬಲಕ್ಕೆ ತಿರುಗಿಸಿದೆ. ಅದು ಹೊರಳದಂತೆ ಚೆಂಡುಹೂವಿನ ಸರವನ್ನು ಮೂರು ಸುತ್ತು ಬಿಗಿದು ಗಂಟು ಹಾಕಿದೆ. ಮೇಲೆ ಕುಂಕುಮ.

ಗುಮಾಸ್ತ ಕೆಳಗಿನಿಂದ ನೋಡಿದ. “ಪೆಟ್ಟಿಗಿಗೂ ಪೂಜಿ ಏನ್ರಿ ಅಕ್ಕಾರ?”

“ಹೋದ ವರ್ಷ ಮಾಡಿಲ್ಲ, ತಪ್ಪಾತು. ಮಾಲಿನ ಆರ್ಡರೆಲ್ಲ ಅದರಾಗ ಬರ್ತಾವಲ್ರಿ.”

“ಖರೇ ಬಿಡ್ರಿ,” ಎಂದು ಅವನು ಎರಡು ಊದುಬತ್ತಿ ಹೆಚ್ಚಿಗೆ ಹಚ್ಚಿದ. ಅಯ್ಯನೋರು ಬಂದು ಅದಕ್ಕೂ ಮೂರು ಬೆರಳು ವಿಭೂತಿ ಎಳೆದರು. ಈಗ ಆ ಹಿಡಿಯನ್ನು ತಿರುಗಿಸುವ ಧೈರ್ಯ ನಮ್ಮ ಮನೆಯಲ್ಲಿ ಯಾರಿಗೂ ಇರಲಿಲ್ಲ. ಅಪ್ಪ ಪಾಡ್ಯದಂದು ಎಣ್ಣೆ ಹಚ್ಚಿಕೊಂಡು ನೀರು ಹಾಕಿಕೊಳ್ಳಲು ಕೂತರೆ ಒಂಬತ್ತು ದಾಟುವುದು ಖಚಿತ. ನಾನು ಹಾಯಾಗಿ ಮಲಗಿದೆ.

ನಾನು ಲೆಕ್ಕ ಹಾಕದೆ ಬಿಟ್ಟದ್ದು ಒಂದಿತ್ತು. ಹೋದ ವರ್ಷ ಪಾಡ್ಯದಂದು ಊರೂರಿನ ವ್ಯಾಪಾರಿಗಳು ಅಪ್ಪನಿಗೆ ಮಾಡಿದ ಶುಭಾಶಯದ ಕರೆಗಳೆಲ್ಲ ಮುಚ್ಚಿದ ಅಂಗಡಿಯಲ್ಲೇ ರಿಂಗಣಿಸಿ ಸುಮ್ಮನಾಗಿದ್ದವು. ಈ ವರ್ಷ ಅವು ಮನೆಗೆ ಬಂದವು. ಏಳು ಗಂಟೆಗೆ ಮೊದಲನೆಯದು.

“ಇದು ಮನಿಗೆ ಹೆಂಗ ಬರಾಕತ್ತೈತಿ?” ಎಂದು ಅಪ್ಪ ಅಂಗಡಿಯ ಬೀಗದ ಕೈ ಹುಡುಕಿದ.

“ಪೂಜಿ ಎತ್ತಿಲ್ಲ, ಮುಟ್ಟಬ್ಯಾಡ್ರಿ,” ಎಂದಳು ಅವ್ವ.

ಎರಡನೆಯ ಕರೆ ಹಟ್ಟಿ ಊರಿನ ವ್ಯಾಪಾರಿಯದು. ಮೂರನೆಯದರ ಹೊತ್ತಿಗೆ ಅಪ್ಪನಿಗೆ ರುಚಿ ಹತ್ತಿತು. ಗಡಬಡಿಸಿ ಎರಡು ತಂಬಿಗೆ ನೀರು ಸುರಿದುಕೊಂಡು, ಹೊಸ ಧೋತರ ಉಟ್ಟು, ಕುರ್ಚಿ ಎಳೆದು ಫೋನಿನ ಪಕ್ಕದಲ್ಲೇ ಕೂತ. ಚಹಾ ಅಲ್ಲಿಗೇ ತರಿಸಿಕೊಂಡ. ನಾನು ಪಡಸಾಲೆಯಲ್ಲಿ ಅದಾಗಲೇ ಒರೆಸಿದ್ದ ಕಿಟಕಿಯನ್ನು ಮತ್ತೆ ಒರೆಸುತ್ತ ನಿಂತೆ.

ಒಂಬತ್ತಕ್ಕೆ ಸರಿಯಾಗಿ ಫೋನು ರಿಂಗಣಿಸಿತು. ನಾನು ಎರಡು ಹೆಜ್ಜೆ ಇಟ್ಟೆ. ಅಪ್ಪ ಕೂತಲ್ಲಿಂದಲೇ ಎತ್ತಿದ.

“ಹಬ್ಬದ ಶುಭಾಶಯ ರೀ! ಯಾರು? ಗುಲಬರ್ಗಾ? ಅದಾಳವ್ವ, ಇಲ್ಲೇ ಅದಾಳ. ನನಗ ಹೇಳು, ನಾ ಹೇಳ್ತೀನಿ. ಸೀಟಾ? ಎಂಥಾ ಸೀಟು?”

ಗೆಳತಿ ಹೇಳಿದ್ದನ್ನೆಲ್ಲ ಕೇಳಿಸಿಕೊಂಡ. ಕೊನೆಗೆ ರಿಸೀವರಿನ ಬಾಯಿಗೆ ಅಂಗೈ ಮುಚ್ಚಿ ನನ್ನ ಕಡೆ ತಿರುಗಿದ. “ಅರ್ಜಿ ಯಾವಾಗ ಹಾಕಿದಿ?”

“ಮಳಿಗಾಲದಾಗ.”

“ಬಳೆ ತರಾಕ ಹೋದಾಗೇನು?”

“ಅಲ್ಲ. ಅದು ಬ್ಯಾರೆ ಅರ್ಜಿ.”

ಅಪ್ಪ ಅದನ್ನು ಅರ್ಥಮಾಡಿಕೊಳ್ಳುವ ಪ್ರಯತ್ನ ಬಿಟ್ಟ. “ಈಗಿಂದೀಗ ಹೇಳಬೇಕಂತ. ಹೋಗಾಕೀ ಏನು?”

ನಾನು ಗುಟ್ಟಾಗಿ ಆಡಬೇಕೆಂದಿದ್ದ ಮಾತನ್ನು ಪಡಸಾಲೆಯ ನಡುವೆ ನಿಂತು, ಕೈಯಲ್ಲಿ ಒರೆಸುವ ಬಟ್ಟೆ ಹಿಡಿದುಕೊಂಡು ಆಡಿದೆ. “ಹೋಗ್ತೀನಪ್ಪ.”

ಅವ್ವ ಅಡುಗೆಮನೆಯಿಂದಲೇ ಹೇಳಿದಳು, ಎಂದಿನ ಧ್ವನಿಯಲ್ಲಿ, ಅಂದರೆ ಫೋನಿನ ಆಚೆಗೂ ಕೇಳುವಂತೆ. “ಪಾಡ್ಯದ ದಿನ ಬೆಳಿಗ್ಗೆ ಬ್ಯಾಡ ಅನ್ನಬ್ಯಾಡ್ರಿ. ಬ್ಯಾಡ ಅನ್ನೋದಿದ್ರ ನಾಳೆ ಅನ್ರಿ.”

“ನಾಳೆ ಅಂದ್ರ ಏನ್ ಬಂತು? ಆ ಹುಡುಗಿಗೆ ಈಗ ಬೇಕಂತ.”

“ಹಂಗಾದ್ರ ಹೂಂ ಅನ್ರಿ.”

ಪಾಡ್ಯಕ್ಕೆ ಶುರುವಾಗುವ ಖಾತೆಯ ವರ್ಷದಲ್ಲಿ ಮೊದಲ ಗಿರಾಕಿಗೆ ಇಲ್ಲ ಎನ್ನದ ವ್ಯಾಪಾರಿ ನಮ್ಮಪ್ಪ. ಅವನು ನನ್ನನ್ನು ನೋಡಿದ, ಅಡುಗೆಮನೆಯ ಬಾಗಿಲನ್ನು ನೋಡಿದ, ಅಂಗೈ ತೆಗೆದ. “ಬರ್ತಾಳಂತ, ಬರಕೋ ಯವ್ವಾ.”

ಅಲ್ಲಿಗೆ ನನ್ನ ಕೆಲಸ ಮುಗಿಯಿತು. ಅವನದು ಮುಗಿಯಲಿಲ್ಲ. “ಅಲ್ಲಿ ಊಟಕ್ಕ ಏನು ಕೊಡ್ತಾರ ಕೇಳ್ರಿ,” ಎಂದಳು ಅವ್ವ. ಅಪ್ಪ ಕೇಳಿದ. “ರೊಟ್ಟಿ ಅಂತ. ಆದ್ರ ದಪ್ಪ ಅಂತ.” ನಾನು ರಿಸೀವರಿಗೆ ಕೈ ಚಾಚಿದೆ. ಅವನು ಅದನ್ನು ಇನ್ನೊಂದು ಕಿವಿಗೆ ಬದಲಿಸಿಕೊಂಡ.

“ಊರಿಗೆ ಎಷ್ಟು ದಿನಕ್ಕೊಮ್ಮೆ ಬಿಡ್ತಾರ ಕೇಳ್ರಿ,” ಎಂದಳು ಅವ್ವ.

ಅಪ್ಪ ಕೇಳಿ ನನ್ನ ಕಡೆ ತಿರುಗಿದ. “ಅದು ನಿನ್ನ ಕೈಯಾಗೈತಂತ. ಎಷ್ಟು ದಿನಕ್ಕೊಮ್ಮೆ ಬರ್ತಿ?”

“ತಿಂಗಳಿಗೊಮ್ಮೆ,” ಎಂದೆ.

“ಹದಿನೈದು ದಿನಕ್ಕೊಮ್ಮೆ ಬರ್ತೀನಿ ಅಂತಾಳ,” ಎಂದು ಅಪ್ಪ ಫೋನಿನಲ್ಲಿದ್ದ ಗೆಳತಿಗೆ ಗಂಭೀರವಾಗಿ ತಿಳಿಸಿ ಫೋನು ಇಟ್ಟ.