ಕಂಪೈಲ್ ಮಾಡದೆ ಬಿಟ್ಟ ನಿಯಮ

ಚಿತ್ರದುರ್ಗದ ಒಂದು ಕಾಲೇಜಿನಲ್ಲಿ ಮೇಲ್ ಸರ್ವರ್ ನೋಡಿಕೊಳ್ಳುವುದು ನನ್ನ ಕೆಲಸ. ಹುದ್ದೆಯ ಹೆಸರು ಉದ್ದವಾಗಿದೆ, ಮಾಡುವುದು ಮಾತ್ರ ಬಾಗಿಲು ಕಾಯುವ ಕೆಲಸ. ಲಾಟರಿ ಹೊಡೆದಿದೆ ಎನ್ನುವವರು, ನಿಮ್ಮ ಖಾತೆ ಬಂದ್ ಆಗಿದೆ ಎಂದು ಹೆದರಿಸುವವರು, ಬೊಕ್ಕತಲೆಗೆ ಎಣ್ಣೆ ಮಾರುವವರು ಕಳಿಸುವ ಸ್ಪ್ಯಾಮನ್ನು ಹೊಸ್ತಿಲಲ್ಲೇ ತಡೆದು ಕಸದ ಫೋಲ್ಡರಿಗೆ ತಳ್ಳಬೇಕು. ಅದಕ್ಕೆಂದು ನಾನೇ ಬರೆದಿಟ್ಟ ನಿಯಮಗಳ ದೊಡ್ಡ ಪಟ್ಟಿ ಇದೆ. ಪ್ರತಿ ಮೇಲ್ ಬಂದಾಗಲೂ ಯಂತ್ರ ಆ ಪಟ್ಟಿಯನ್ನು ಮೊದಲಿನಿಂದ ಓದುತ್ತಾ ಕುಳಿತರೆ ಪ್ರವೇಶದ ದಿನಗಳಲ್ಲಿ ಇಡೀ ಕಾಲೇಜಿನ ಮೇಲ್ ತೆವಳುತ್ತದೆ. ಅದಕ್ಕೇ ನಿಯಮಗಳನ್ನು ಕಂಪೈಲ್ ಮಾಡುತ್ತೇವೆ. ಅಂದರೆ ಎಲ್ಲವನ್ನೂ ಸೇರಿಸಿ, ಯಂತ್ರದ ಭಾಷೆಗೇ ಇಳಿಸಿ ಕೊಡುತ್ತೇವೆ. ಆಮೇಲೆ ಅದು ಪಟ್ಟಿಯ ಕಡೆ ತಿರುಗಿಯೂ ನೋಡುವುದಿಲ್ಲ.

ನಮ್ಮಪ್ಪ ರಾಮಗಿರಿಯ ಹತ್ತಿರ ಕುರಿ ಸಾಕಿದವನು. ಸಂಜೆ ರೊಪ್ಪದ ಬಾಗಿಲಲ್ಲಿ ನಿಂತು, ನುಗ್ಗುವ ಹಿಂಡಿನೊಳಗೆ ಸೇರಿಕೊಂಡ ಬೇರೆಯವರ ಕುರಿಯನ್ನು ಥಟ್ಟನೆ ಕಾಲು ಹಿಡಿದು ಎಳೆಯುತ್ತಿದ್ದ. ಕಿವಿ ನೋಡು, ಬಣ್ಣ ನೋಡು ಎಂಬ ಲೆಕ್ಕವೇ ಅವನಿಗೆ ಬೇಕಿರಲಿಲ್ಲ. ಕಂಪೈಲ್ ಮಾಡಿದ ನಿಯಮವೂ ಹಾಗೇ. ಆದರೆ ಅಪ್ಪ, ಆ ಕುರಿ ಈಗ ನಮ್ಮದು, ನಿನ್ನೆ ಕೊಂಡದ್ದು ಎಂದು ಹೇಳಿದರೆ ಬಿಡುತ್ತಿದ್ದ. ಯಂತ್ರ ಬಿಡುವುದಿಲ್ಲ. ಪಟ್ಟಿಯಲ್ಲಿ ಏನೇ ತಿದ್ದಿದರೂ ಮತ್ತೊಮ್ಮೆ ಕಂಪೈಲ್ ಮಾಡಬೇಕು. ಇಲ್ಲದಿದ್ದರೆ ಅದು ಹಳೆಯದನ್ನೇ ಪಾಲಿಸುತ್ತದೆ. ಗೊತ್ತಿರಲಿಲ್ಲ ಎನ್ನುವಂತಿಲ್ಲ, ಹೊಸಬರಿಗೆ ಇದನ್ನು ಹೇಳಿಕೊಡುವವಳೇ ನಾನು.

ನನಗೆ ಟೈಪಿಂಗ್ ಕಲಿಸಿದ ಮೇಷ್ಟ್ರು ಹೊಳಲ್ಕೆರೆಯವರು. ಹೆಣ್ಣುಹುಡುಗಿಗೆ ಅದೆಲ್ಲ ಯಾಕೆ ಎಂದ ಅಪ್ಪನನ್ನು, ರೊಪ್ಪದವರೆಗೂ ನಡೆದುಬಂದು ಕುರಿಗಳ ನಡುವೆ ನಿಂತೇ ಒಪ್ಪಿಸಿದವರು. ನಾನು ಇವತ್ತು ಕುರ್ಚಿಯ ಮೇಲೆ ಕೂತು ಅನ್ನ ತಿನ್ನುತ್ತಿರುವುದು ಅವರಿಂದ. ಕಲಿಸುವಾಗ ಹಿಂದೆ ನಿಂತು, “ಏನವ್ವಾ, ನಿನ್ನ ಕಿರುಬೆರಳು ನಿದ್ದೆ ಹೋಗೈತೇನು?” ಎಂದು ಕಾಡಿಸುತ್ತಿದ್ದರು. ಒಂದು ಕಟ್ಟಳೆ ಮಾತ್ರ ತಪ್ಪುವಂತಿರಲಿಲ್ಲ. ಮಿಷನ್ನಿನಿಂದ ಹಾಳೆ ಎಳೆಯುವ ಮೊದಲು ಪೂರ್ತಿ ಓದಬೇಕು. ಎಳೆದ ಹಾಳೆ ಮತ್ತೆ ಅದೇ ಸಾಲಿಗೆ ಕೂರುವುದಿಲ್ಲ. ಒಂದು ತಪ್ಪು ಸಿಕ್ಕರೂ ಹರಿದು ಮೊದಲಿಂದ ಹೊಡೆಸುತ್ತಿದ್ದರು.

ಟೈಪ್‌ರೈಟರ್‌ಗಳ ಕಾಲ ಮುಗಿಯಿತು. ಆ ಸದ್ದಿನಲ್ಲೇ ಆಯುಷ್ಯ ಕಳೆದ ಮೇಷ್ಟ್ರ ಕಿವಿಯೂ ಹೋಯಿತು. ಫೋನು ಅವರಿಗೆ ದಂಡ. ಹಾಗಾಗಿ ತಿಂಗಳಿಗೊಂದು ಮೇಲ್ ಬರೆಯುತ್ತಿದ್ದರು, ಅದೂ ಬೆರಳಿಗೆ ರೂಢಿಯಾದ ಹಳೆಯ ಕನ್ನಡ ಫಾಂಟಿನಲ್ಲಿ. ಅವರ ಕಂಪ್ಯೂಟರಿನಲ್ಲಿ ಮುದ್ದಾದ ಕನ್ನಡ, ನನ್ನಲ್ಲಿಗೆ ಬರುವಷ್ಟರಲ್ಲಿ ತಲೆಯ ಮೇಲೆ ಚುಕ್ಕಿ ಗೀಟು ಹೊತ್ತ ಇಂಗ್ಲಿಷ್ ಅಕ್ಷರಗಳ ರಾಶಿ. ನಾನು ಅದನ್ನು ನಕಲು ಮಾಡಿ, ಫಾಂಟ್ ಬದಲಿಸಿ ಓದಿಕೊಳ್ಳುತ್ತಿದ್ದೆ. ಹೊಸ ಪದ್ಧತಿ ಕಲಿಸುತ್ತೇನೆ ಎಂದರೆ, ಮೇಷ್ಟ್ರಿಗೇ ಪಾಠ ಹೇಳ್ತೀಯಾ ಎಂದು ಬರೆಯುತ್ತಿದ್ದರು.

ಒಂದು ವರ್ಷ ಎಲ್ಲಿಂದಲೋ ಅಂಥದೇ ಗೀಟು ಚುಕ್ಕಿಗಳ ಸ್ಪ್ಯಾಮ್ ಸುರಿಯತೊಡಗಿತು. ಅಂಥ ಅಕ್ಷರಗಳೇ ತುಂಬಿದ್ದರೆ ಕಸಕ್ಕೆ ತಳ್ಳು ಎಂದು ನಿಯಮ ಬರೆದು, ಕಂಪೈಲ್ ಮಾಡಿ, ಎರಡೇ ದಿನದಲ್ಲಿ ಪೀಡೆ ತೊಲಗಿಸಿದೆ. ಎಲ್ಲರೂ ಹೊಗಳಿದರು. ಮೇಷ್ಟ್ರ ಕಾಗದವೂ ಅದೇ ವೇಷದಲ್ಲಿ ಬರುತ್ತದೆ ಎಂಬುದು ನನ್ನ ಜಾಣತಲೆಗೆ ಹೊಳೆಯಲೇ ಇಲ್ಲ.

ಹೊಳಲ್ಕೆರೆಯಿಂದ ದಿನಾ ಬಸ್ಸಿಗೆ ಬರುವ ನಮ್ಮ ಉಪನ್ಯಾಸಕರೊಬ್ಬರು, ಕಾಗದಕ್ಕೆ ಉತ್ತರವೇ ಇಲ್ಲವಂತೆ ಎಂದು ಮೇಷ್ಟ್ರ ದೂರು ತಂದರು. ಹಣೆ ಚಚ್ಚಿಕೊಂಡೆ. ಆಗಿಂದಾಗಲೇ ಮೇಷ್ಟ್ರ ವಿಳಾಸವನ್ನು ಬಿಟ್ಟುಬಿಡುವಂತೆ ನಿಯಮ ತಿದ್ದಿದೆ. “ಸರಿ ಮಾಡಿದೀನಿ, ಇನ್ನು ಬರೀರಿ ಅಂತ ಹೇಳ್ರಿ” ಎಂದು ಅವರ ಕೈಯಲ್ಲೇ ಹೇಳಿಕಳಿಸಿದೆ. ಕಂಪೈಲ್‌ಗೆ ಕಾಲು ಗಂಟೆ ಬೇಕು. ಅವತ್ತು ಫಲಿತಾಂಶದ ಗಡಿಬಿಡಿ, ಸಂಜೆಯವರೆಗೆ ಸರ್ವರ್ ಮುಟ್ಟಬೇಡಿ ಎಂದು ಆಫೀಸಿನವರು ಹೇಳಿದ್ದರು. ಸಂಜೆ ನಾನು ಹಿರಿಯೂರಿನ ನಾದಿನಿಯ ಗೃಹಪ್ರವೇಶಕ್ಕೆ ಹೊರಟೆ. ಎರಡು ದಿನ ಹೋಳಿಗೆ ಉಂಡು ಬಂದವಳಿಗೆ ಕಂಪೈಲ್ ಮರೆತೇಹೋಗಿತ್ತು.

ಮೇಷ್ಟ್ರ ಕಾಗದ ಬರಲಿಲ್ಲ. ಮುನಿಸಿಕೊಂಡಿದ್ದಾರೆ ಎಂದುಕೊಂಡೆ. ನನಗೂ ಬಿಗುಮಾನ. ಅವರೇ ಬರೆಯಲಿ ಎಂದು ಸುಮ್ಮನಿದ್ದೆ. ಮೂರು ವಾರದ ಮೇಲೆ ಅದೇ ಉಪನ್ಯಾಸಕರು ಬಂದು, ದಾವಣಗೆರೆಯಲ್ಲಿ ಎದೆಯ ಆಪರೇಷನ್ ಆದ ಮಾರನೆಯ ದಿನ ಮೇಷ್ಟ್ರು ಹೋಗಿಬಿಟ್ಟರು ಎಂದರು.

ಹೊಳಲ್ಕೆರೆಗೆ ಹೋದಾಗ ಮೇಷ್ಟ್ರ ಹೆಂಡತಿ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಆಪರೇಷನ್ನಿಗೆ ಮುಂಚಿನ ಭಾನುವಾರ ಮೇಷ್ಟ್ರು ಎರಡು ಸಲ ಬಸ್ ಸ್ಟ್ಯಾಂಡಿಗೆ ಹೋಗಿ ಒಬ್ಬರೇ ತಿರುಗಿ ಬಂದರಂತೆ.

“ಉತ್ತರ ಬರದಾಗ್ಲೇ ಇನ್ನೊಂದ್ಸಲ ಹೇಳಿ ಕಳಿಸ್ರಿ ಅಂದೆ ಕಣವ್ವ. ಕೇಳಲಿಲ್ಲ. ಅವಳು ಸರಿ ಮಾಡಿದೀನಿ ಅಂದಮೇಲೆ ಮಾಡೇ ಇರ್ತಾಳೆ, ನನ್ನ ಕೈಯೇ ಎಲ್ಲೋ ತಪ್ಪು ಒತ್ತೈತೆ ಅಂದ್ರು. ಮತ್ತೆ ಹೊಡೆಯಾಕೆ ಕುಂತ್ರು.”

ಕಂಪೈಲ್ ಮಾಡಿರಲೇ ಇಲ್ಲ ಎಂಬುದು ಆಗ ನೆನಪಾಯಿತು. ಅವರು ಕೊಟ್ಟ ಮಜ್ಜಿಗೆ ಕುಡಿದು, ಹೇಡಿಯ ಹಾಗೆ ಎದ್ದು ಬಂದೆ.

ಮರುದಿನ ಕಸದ ಫೋಲ್ಡರ್ ತೆಗೆದೆ. ಲಾಟರಿಯವರ ನಡುವೆ, ನಾನು ಹೇಳಿಕಳಿಸಿದ ಮೇಲೆ ಬಂದ ಮೇಷ್ಟ್ರ ಮೂರು ಕಾಗದ ಬಿದ್ದಿದ್ದವು. ಫಾಂಟ್ ಬದಲಿಸಿದೆ. ಮೂರೂ ಒಂದೇ ಕಾಗದ, ಮೂರು ಬೇರೆ ಬೇರೆ ದಿನ ಮೊದಲಿಂದ ಹೊಡೆದದ್ದು. ಸೋಮವಾರ ದಾವಣಗೆರೆಗೆ ಹೊರಡಬೇಕು, ಭಾನುವಾರ ಬಂದು ಮುಖ ತೋರಿಸಿ ಹೋಗು, ಹಣ್ಣುಗಿಣ್ಣು ತರಬೇಡ, ನೀನು ಕಲಿತ ಕಿಟಕಿ ಪಕ್ಕದ ಮಿಷನ್ನನ್ನು ಗುಜರಿಗೆ ಹಾಕಿಲ್ಲ, ನಿನಗೇ ಇಟ್ಟಿದ್ದೇನೆ ಎಂದು ಬರೆದಿದ್ದರು.

ಕಂಪೈಲ್‌ಗೆ ಕೊಟ್ಟೆ. ಕಾಲು ಗಂಟೆ ಹಿಡಿಯಿತು. ಅದು ಮುಗಿಯುವವರೆಗೆ ಮೂರು ಕಾಗದಗಳನ್ನೂ ಪಕ್ಕಪಕ್ಕದಲ್ಲಿಟ್ಟು, ಹಾಳೆ ಎಳೆಯುವ ಮೊದಲು ಓದಬೇಕೆಂದು ಮೇಷ್ಟ್ರು ಕಲಿಸಿದ ಹಾಗೆ, ಒಂದೊಂದು ಅಕ್ಷರದ ಕೆಳಗೂ ಬೆರಳಿಟ್ಟು ಓದಿದೆ. ಮೂರರಲ್ಲೂ ಒಂದೇ ಒಂದು ತಪ್ಪಿರಲಿಲ್ಲ.