ನಡುಮಡಿಕೆಯ ಹೊಲಿಗೆ

ಜಗಳೂರಿನ ಗೌರಕ್ಕನಿಗೆ ನಾನು ಸುಳ್ಳು ಹೇಳಿದೆ. ಬೆಲೆಯಲ್ಲಿ ಮೋಸ ಮಾಡಿದೆ ಎಂದಷ್ಟೇ ಹೇಳಿದರೆ ಅರ್ಧ ಮುಚ್ಚಿಟ್ಟ ಹಾಗೆ. ಹಳೆ ಪುಸ್ತಕದ ವ್ಯಾಪಾರದಲ್ಲಿ ಬೆಲೆ ಬೀಳಿಸುವವರು ಬೇಕಾದಷ್ಟು ಜನ — ನಾನೂ ಅವರಲ್ಲೊಬ್ಬ ಎಂದು ಕೈ ತೊಳೆದುಕೊಳ್ಳಬಹುದಿತ್ತು. ನಾನು ಮಾಡಿದ್ದು ಅದಕ್ಕಿಂತ ಕೀಳು. ಅವರು ತಮ್ಮ ಕೈಯಾರೆ ಕಾಪಾಡಿದ್ದ ಪುಸ್ತಕಗಳನ್ನು ಅವರೇ ಹಾಳು ಮಾಡಿದರು ಎಂದು ಅವರನ್ನು ನಂಬಿಸಿದೆ.

ಎಂಬತ್ತರ ದಶಕದ ಮಾತು. ಹೊನ್ನಾಳಿಯಲ್ಲಿ ನನ್ನದೊಂದು ಬಾಡಿಗೆ ಪುಸ್ತಕದ ಅಂಗಡಿ ಇತ್ತು. ದೊಡ್ಡವರಿಗೆ ಕಾದಂಬರಿ, ಬೇಸಿಗೆ ರಜೆಯಲ್ಲಿ ಮಕ್ಕಳಿಗೆ ಕಾಮಿಕ್ಸ್. ಬಾಡಿಗೆಗೆ ಹೋದ ಕಾಮಿಕ್ಸ್ ಒಂದು ವರ್ಷ ಬಾಳಿದರೆ ಅದೇ ಹೆಚ್ಚು. ಮೊದಲು ಮೇಲಿನ ಬಣ್ಣದ ಹಾಳೆ ಹೋಗುತ್ತದೆ, ಆಮೇಲೆ ಪಿನ್ನು ತುಕ್ಕು ಹಿಡಿದು ನಡುವಿನ ಹಾಳೆ ಕಳಚುತ್ತದೆ, ಕೊನೆಗೆ ಕಥೆಯ ಕಳ್ಳ ಸಿಕ್ಕಿದನೋ ಇಲ್ಲವೋ ಯಾವ ಮಗುವಿಗೂ ಗೊತ್ತಾಗುವುದಿಲ್ಲ. ಹಾಗಾಗಿ ಊರೂರು ಸುತ್ತಿ ಹಳೆಯವನ್ನು ಕೊಂಡು ತರುತ್ತಿದ್ದೆ. ಚನ್ನಗಿರಿಯ ಅಡಿಕೆ ವ್ಯಾಪಾರಿಯೊಬ್ಬರಿಗೆ ತಾವು ಚಿಕ್ಕಂದಿನಲ್ಲಿ ಓದಿದ ಕಾಮಿಕ್ಸ್‌ಗಳನ್ನೆಲ್ಲ ಮತ್ತೆ ಕೂಡಿಹಾಕುವ ಹುಚ್ಚು. "ಹಾಳೆ ಪೂರ್ತಿ ಇರೋವು ಸಿಕ್ರೆ ತಗೊಂಡ್ ಬರ್ರಿ, ರೇಟಿನ ಮಾತೇ ಬ್ಯಾಡ" ಎಂದಿದ್ದರು. ಅವರ ಆ ಮಾತು ನನ್ನ ತಲೆಯಲ್ಲಿ ಕೂತಿತ್ತು.

ಗೌರಕ್ಕನ ಸುದ್ದಿ ಕೊಟ್ಟವರು ಒಬ್ಬ ಬಸ್ ಕಂಡಕ್ಟರ್. ಗೌರಕ್ಕನ ತಮ್ಮ ಮಂಜಪ್ಪನೂ ಕಂಡಕ್ಟರೇ ಆಗಿದ್ದ. ಎಪ್ಪತ್ತರ ದಶಕದುದ್ದಕ್ಕೂ ದಾವಣಗೆರೆಗೆ ಹೋದಾಗೆಲ್ಲ ಒಂದೊಂದು ಕಾಮಿಕ್ಸ್ ಕೊಂಡು, ಟಿಕೆಟ್ ಚೀಲದಲ್ಲಿಟ್ಟು ಮನೆಗೆ ತರುತ್ತಿದ್ದನಂತೆ. ಜ್ವರ ಬಂದು ಚಿಕ್ಕ ವಯಸ್ಸಿಗೇ ಹೋಗಿಬಿಟ್ಟ. ಅವನ ಮಗಳು ಶೋಭಾಳನ್ನು ಗೌರಕ್ಕ ಬಟ್ಟೆ ಹೊಲಿದು ಸಾಕುತ್ತಿದ್ದರು.

ನಾನು ಹೋದಾಗ ಬಾಗಿಲ ಬಳಿ ಹೊಲಿಗೆ ಯಂತ್ರ, ಸುತ್ತ ರವಿಕೆ ಬಟ್ಟೆಯ ತುಂಡುಗಳು. ಗೋಡೆ ಬೀರು ತೆಗೆದು ತೋರಿಸಿದರು. ಆರಾರು ಕಾಮಿಕ್ಸ್ ಸೇರಿಸಿ ಒಂದೊಂದು ಕಟ್ಟು, ಮೇಲೆ ರಟ್ಟು, ರಟ್ಟಿಗೆ ರವಿಕೆ ಹೊಲಿದು ಉಳಿದ ಹೂವಿನ ಬಟ್ಟೆಯ ಹೊದಿಕೆ. ಒಂದನ್ನು ತೆರೆದು ನೋಡಿದೆ. ಪಿನ್ನೇ ಇಲ್ಲ.

"ಪಿನ್ನು ತುಕ್ಕು ಬಿಡ್ತಾವಲ್ರೀ, ಕಿತ್ತು ತೆಗೆದೆ" ಎಂದರು ಗೌರಕ್ಕ. "ಅದೇ ತೂತಿನಾಗೆ ದಾರ ಹಾಕೀನಿ. ಹೊಸಾ ತೂತು ಒಂದೂ ಮಾಡಿಲ್ಲ."

ಹಾಳೆಗಳ ನಡುಮಡಿಕೆಯಲ್ಲಿದ್ದ ಹೊಲಿಗೆಯ ಮೇಲೆ ಬೆರಳಾಡಿಸಿದೆ. ಬಿಗಿಯೂ ಇಲ್ಲ, ಸಡಿಲವೂ ಇಲ್ಲ. ಬಣ್ಣದ ಮೇಲ್ಹಾಳೆಗಳು ನಿನ್ನೆ ಅಚ್ಚಾದ ಹಾಗಿದ್ದವು. ಅಷ್ಟು ವರ್ಷದ ವ್ಯಾಪಾರದಲ್ಲಿ ಅಂಥ ಕೆಲಸವನ್ನು ನಾನು ಕಂಡಿರಲಿಲ್ಲ — ಕಂಡ ಗಳಿಗೆಯಲ್ಲೇ ಚನ್ನಗಿರಿಯವರ ಮುಖ ಕಣ್ಣ ಮುಂದೆ ಬಂತು. ಹೊಟ್ಟೆಯೊಳಗೆ ಖುಷಿ. ಮುಖವನ್ನು ಮಾತ್ರ ಗಂಟು ಹಾಕಿಕೊಂಡೆ.

"ಶೋಭಾ ಹಾಸ್ಟೆಲಿಗೆ ಹೋಗ್ತಾಳೆ. ಒಂದು ಟ್ರಂಕು ಕೊಡಿಸಬೇಕು. ಅವರಪ್ಪಂದೇ ಪುಸ್ತಕ ಮಾರಿದ್ರೆ ಅವರಪ್ಪನೇ ಕೊಡಿಸ್ದಂಗೆ ಆಗ್ತೈತೆ ಅಂತ... ನಂಗೆ ಇದರ ರೇಟು ಗೊತ್ತಿಲ್ರೀ. ನೀವೇ ನ್ಯಾಯವಾಗಿ ಒಂದು ಮಾತು ಹೇಳಿಬಿಡ್ರಿ."

ಚೌಕಾಸಿ ಮಾಡಿದ್ದರೆ ನಾನೂ ಮಾಡುತ್ತಿದ್ದೆ, ಎಲ್ಲೋ ನಡುವೆ ಒಂದು ಬೆಲೆಗೆ ಬಂದು ನಿಲ್ಲುತ್ತಿದ್ದೆವು. ಆದರೆ ಅವರು ನ್ಯಾಯವನ್ನೇ ನನ್ನ ಕೈಗೆ ಕೊಟ್ಟುಬಿಟ್ಟರು. ಆಗ ನಾನು ಆ ಮಾತು ಆಡಿದೆ —

"ಹೊಲಿದು ಹಾಳು ಮಾಡಿಬಿಟ್ಟೀರಲ್ಲ ಅಕ್ಕಾ. ಪಿನ್ನು ಕಿತ್ತ ಮ್ಯಾಲೆ ಇವು ಬರೀ ರದ್ದಿ."

ಗೌರಕ್ಕ ನನ್ನ ಕೈಯಿಂದ ಕಟ್ಟನ್ನು ಇಸಿದುಕೊಂಡು ಮುಚ್ಚಿದರು. ಆಮೇಲೆ ತಮ್ಮ ಬಲಗೈಯ ಬೆರಳುಗಳನ್ನೇ ನೋಡಿಕೊಂಡು, "ಅವನಿದ್ದಾಗ ಚಲೋ ಇದ್ವು. ನನ್ ಕೈಯಾಗೆ ಹಾಳಾದ್ವು ಅನ್ರಿ" ಎಂದರು. ಅಲ್ಲೇ ತಿದ್ದಿಕೊಳ್ಳಬಹುದಿತ್ತು. ಒಂದು ಉಸಿರಿನ ಕೆಲಸ ಅದು. ನಾನು ರದ್ದಿಯ ಬೆಲೆ ಹೇಳಿದೆ, ಮೇಲೆ ಒಂದಿಷ್ಟು ಸೇರಿಸಿ ಉಪಕಾರ ಮಾಡಿದವನಂತೆ ಎಣಿಸಿ ಕೊಟ್ಟೆ. ಆ ದುಡ್ಡಿಗೆ ಟ್ರಂಕಿನ ಬೀಗವೂ ಬರುತ್ತಿತ್ತೋ ಇಲ್ಲವೋ. ಅವರು ಕೈ ಮುಗಿದರು.

ಚನ್ನಗಿರಿಯವರು ಕಟ್ಟುಗಳನ್ನು ಬೆಳಕಿಗೆ ಹಿಡಿದು ಒಂದೊಂದೇ ನೋಡಿದರು. "ಪಿನ್ನಿದ್ದಿದ್ರೆ ಇಷ್ಟೊತ್ತಿಗೆ ನಡುವಿನ ಹಾಳೆ ಎಲ್ಲಾ ತುಕ್ಕು ತಿಂದು ಹೋಗಿರೋದು. ಯಾರ್ರೀ ಇದನ್ನ ಹೊಲಿದ ಪುಣ್ಯಾತ್ಗಿತ್ತಿ?" ಎಂದು ಕೇಳಿದರು. ಗೊತ್ತಿಲ್ಲ ಎಂದೆ. ಅದು ಎರಡನೆಯ ಸುಳ್ಳು. ಅವರು ಕೊಟ್ಟ ದುಡ್ಡಿನಲ್ಲಿ ಹತ್ತು ಟ್ರಂಕು ಬರುತ್ತಿದ್ದವು. ಒಂದು ಕಟ್ಟನ್ನು ಮಾತ್ರ ಅವರಿಗೆ ಕೊಡದೆ ಉಳಿಸಿಕೊಂಡೆ — ಯಾಕೆ ಎಂದು ಇವತ್ತಿಗೂ ಸರಿಯಾಗಿ ಹೇಳಲಾರೆ.

ಮುಂದಿನ ವರ್ಷ ಶಾಲೆ ಶುರುವಾಗುವ ಹೊತ್ತಿಗೆ ಮನಸ್ಸು ತಡೆಯದೆ ಜಗಳೂರಿಗೆ ಹೋದೆ. ಹೇಳಿಯೇ ಬಿಡಬೇಕು, ಒಂದಿಷ್ಟು ದುಡ್ಡನ್ನೂ ಕೊಡಬೇಕು ಎಂದುಕೊಂಡೇ ಬಸ್ಸು ಹತ್ತಿದ್ದೆ. ಗೌರಕ್ಕನ ಬಾಗಿಲಲ್ಲಿ ನೆರೆಮನೆಯ ಹೆಂಗಸೊಬ್ಬಳು ನಿಂತಿದ್ದಳು. ಹಳೆ ನೋಟುಪುಸ್ತಕಗಳಲ್ಲಿ ಬರೆಯದೆ ಉಳಿದ ಹಾಳೆಗಳನ್ನು ಕಿತ್ತು, ಸೇರಿಸಿ ಹೊಲಿಸಿ, ಮಕ್ಕಳಿಗೆ ರಫ್ ಪುಸ್ತಕ ಮಾಡಿಕೊಡುವುದು ಆಗ ಎಲ್ಲ ಮನೆಗಳ ಪದ್ಧತಿ. ಆ ಓಣಿಯ ಮಕ್ಕಳಿಗೆಲ್ಲ ಗೌರಕ್ಕನೇ ಪುಕ್ಕಟೆ ಹೊಲಿದು ಕೊಡುತ್ತಿದ್ದರಂತೆ.

"ಬ್ಯಾಡವ್ವ" ಎನ್ನುತ್ತಿದ್ದರು ಗೌರಕ್ಕ. "ಬಟ್ಟೆ ಏನಾದ್ರೂ ಇದ್ರೆ ತಗೊಂಡ್ ಬಾ. ಕಾಗದಕ್ಕೆ ನಾನು ಸೂಜಿ ಹಾಕಲ್ಲ. ನನ್ ಕೈಯಾಗೆ ಹಾಳಾಗ್ತಾವೆ."

ಆಮೇಲೆ ನನ್ನನ್ನು ಕಂಡರು. ಮುಖ ಅರಳಿತು. ಆ ಹೆಂಗಸಿಗೆ ನನ್ನನ್ನು ತೋರಿಸಿ, "ಹೊನ್ನಾಳಿಯೋರು. ಬಾಳ ನ್ಯಾಯಸ್ಥರು. ನಾನು ಹಾಳು ಮಾಡಿದ ಪುಸ್ತಕಕ್ಕೂ ರೊಕ್ಕ ಕೊಟ್ಟು ಹೋದ್ರು" ಎಂದರು. ಕೂರಿಸಿ ಚಹಾ ಕೊಟ್ಟರು. ಶೋಭಾ ಹಾಸ್ಟೆಲಿಗೆ ಬಟ್ಟೆಯ ಚೀಲದಲ್ಲೇ ಸಾಮಾನು ಒಯ್ದಳೆಂದು ಹೇಳಿದರು. ಜೇಬಿನಲ್ಲಿದ್ದ ದುಡ್ಡಿನ ಮೇಲೆ ನನ್ನ ಕೈ ಇತ್ತು. ನ್ಯಾಯಸ್ಥ ಎನಿಸಿಕೊಳ್ಳುವುದು ಎಷ್ಟು ಹಿತವಾಗಿತ್ತೆಂದರೆ — ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ — ಆ ಹೆಸರನ್ನು ಕಳೆದುಕೊಳ್ಳಲು ನನಗೆ ಮನಸ್ಸಾಗಲಿಲ್ಲ. ಚಹಾ ಕುಡಿದು ಎದ್ದು ಬಂದೆ.

ಮತ್ತೆ ಹೋಗಲಿಲ್ಲ. ಗೌರಕ್ಕ ತೀರಿಕೊಂಡ ಸುದ್ದಿ ತಿಳಿದದ್ದೂ ಎಷ್ಟೋ ತಿಂಗಳ ಮೇಲೆ. ಕೊನೆಯವರೆಗೂ ಅವರು ಕಾಗದಕ್ಕೆ ಸೂಜಿ ಹಾಕಲಿಲ್ಲವಂತೆ.

ಅಂಗಡಿ ಮುಚ್ಚಿ ಬಹಳ ಕಾಲವಾಯಿತು. ಪಿನ್ನು ಹಾಕಿದ ನನ್ನ ಕಾಮಿಕ್ಸ್‌ಗಳೆಲ್ಲ ಪುಡಿಯಾಗಿ ಹೋದವು. ಹೂವಿನ ಬಟ್ಟೆಯ ಆ ಒಂದು ಕಟ್ಟು ಮಾತ್ರ ಹಾಗೇ ಇದೆ. ಒಂದು ಹಾಳೆ ಕಳಚಿಲ್ಲ, ಒಂದು ಎಳೆ ದಾರ ಸಡಿಲಾಗಿಲ್ಲ. ಅದನ್ನು ತೆರೆದಾಗೆಲ್ಲ ತಮ್ಮ ಬೆರಳುಗಳನ್ನೇ ನೋಡಿಕೊಂಡ ಗೌರಕ್ಕ ಕಾಣುತ್ತಾರೆ, ನಾನು ಕಟ್ಟನ್ನು ಮುಚ್ಚಿಡುತ್ತೇನೆ.

ಶೋಭಾ ಈಗ ನ್ಯಾಮತಿಯಲ್ಲಿ ಟೀಚರ್. ವಿಳಾಸ ಸಿಕ್ಕಿದೆ. ಈ ವಾರ ಕಟ್ಟನ್ನು ತೆಗೆದುಕೊಂಡು ಹೋಗುತ್ತೇನೆ. ಕ್ಷಮೆ ಕೇಳುವುದಿಲ್ಲ, ಕೊಡಬೇಕಾದವರು ಹೋಗಿಬಿಟ್ಟರು. ಅವಳು ಬಾಗಿಲು ಹಾಕಿಕೊಂಡರೂ ಹೊರಗೆ ನಿಂತೇ ಹೇಳುತ್ತೇನೆ — ನಿಮ್ಮ ಅತ್ತೆ ಏನನ್ನೂ ಹಾಳು ಮಾಡಿರಲಿಲ್ಲಮ್ಮ.