ವೆಂಕಟಸ್ವಾಮಿಯವರ ಮೋಟಾರು ಪಾರಿವಾಳ

ವೆಂಕಟಸ್ವಾಮಿಯವರು ಕೃಷ್ಣರಾಜಪುರದ ನಮ್ಮ ಬೀದಿಗೆ ಬಂದ ದಿನ ಟೆಂಪೋದಿಂದ ಮೊದಲು ಇಳಿದದ್ದು ಬೀರುವಲ್ಲ, ಗ್ಯಾಸ್ ಸಿಲಿಂಡರೂ ಅಲ್ಲ; ಗೋಣಿಚೀಲ ಹೊದಿಸಿದ ಬಿದಿರಿನ ಬುಟ್ಟಿಗಳು. ಒಳಗಿನಿಂದ ಗುಟುರು ಹಾಕುವ ಸದ್ದು ಬರುತ್ತಿತ್ತು. ಅವರು ಒಂದೊಂದನ್ನೂ ಎದೆಗವಚಿಕೊಂಡು ಮಹಡಿ ಹತ್ತುತ್ತಿದ್ದರೆ, ಹೆಂಡತಿ ಯಶೋದಮ್ಮನವರು ಹಾಲಿನ ಪಾತ್ರೆ ಹಿಡಿದು ಬಾಗಿಲಲ್ಲೇ ನಿಂತಿದ್ದರು.

"ಹಾಲುಕ್ಕಿಸೋದು ಆಮೇಲಂತೆ ಮೇಡಂ," ಎಂದರು, ಎದುರುಮನೆಯ ನನ್ನನ್ನು ನೋಡಿ. "ಇವ್ರ ಸವತೀರೆಲ್ಲ ಒಳಗ್ ಹೋದ್ಮೇಲೆ ನಾನು ಹೋಗ್ಬೇಕಂತೆ."

ಪರಿಚಯವಾದದ್ದು ಹೀಗೆ. ಹಲಸೂರಿನ ವಠಾರದಲ್ಲಿ ಬಾಡಿಗೆಗಿದ್ದವರು. ಮಾಲೀಕ ವಠಾರವನ್ನು ಕೆಡವಿ ಬಹುಮಹಡಿ ಕಟ್ಟಲು ಹೊರಟಾಗ ಮಗಳು ರಮ್ಯಶ್ರೀಯ ಮನೆಯ ಮೇಲಂತಸ್ತಿಗೆ ಬಂದಿದ್ದರು. ಹಲಸೂರು ಮಾರುಕಟ್ಟೆಯ ಹತ್ತಿರ ವೆಂಕಟಸ್ವಾಮಿಯವರಿಗೆ ಕುಷನ್ ಅಂಗಡಿಯಿತ್ತು. ಆಟೋಗಳ ಸೀಟು ಹೊಲಿಯುತ್ತಲೇ ಅವರ ಕೂದಲು ಬೆಳ್ಳಗಾಯಿತು. ಅದು ಅವರ ಕಸುಬು. ಬದುಕು ಮಾತ್ರ ಮಹಡಿಯ ಮೇಲಿತ್ತು. ಬೆಳಗಾದರೆ ಪಾರಿವಾಳಗಳನ್ನು ಆಕಾಶಕ್ಕೆ ಬಿಡುವುದು, ಚುಕ್ಕೆಯಾಗುವಷ್ಟು ಎತ್ತರಕ್ಕೇರಿದ ಮೇಲೆ ಕತ್ತು ನೋಯುವ ತನಕ ನೋಡುವುದು, ಬಿಸಿಲೇರುವ ಮೊದಲು ಇಳಿಸಿಕೊಳ್ಳುವುದು.

ಇಳಿಸುವುದರಲ್ಲೇ ಇರುವುದು ಇದರ ಕಲೆ. ರೆಕ್ಕೆ ಕತ್ತರಿಸಿದ ಒಂದು ಬಿಳಿಯ ಹೆಣ್ಣು ಹಕ್ಕಿಯನ್ನು ಅಂಗೈಯ ಮೇಲೆ ನಿಲ್ಲಿಸಿ, ಕಾಲನ್ನು ಬೆರಳುಗಳ ನಡುವೆ ಹಿಡಿದು, ತೋಳನ್ನು ಮೇಲೆತ್ತಿ ಆಡಿಸಬೇಕು. ಅದು ಸಮತೋಲಕ್ಕಾಗಿ ರೆಕ್ಕೆ ಬಡಿಯುತ್ತದೆ. ಮೇಲಿನವುಗಳಿಗೆ ಕಾಣುವುದು ಮಿಟುಕುವ ಬಿಳುಪು ಮಾತ್ರ: ತಮ್ಮವಳೊಬ್ಬಳು ಇಳಿಯುತ್ತಿದ್ದಾಳೆ, ಅಂದರೆ ಅಲ್ಲಿ ಕಾಳಿದೆ, ಅಪಾಯವಿಲ್ಲ. ಒಂದು ಹಕ್ಕಿಯ ನಡತೆಯಿಂದ ಉಳಿದವು ಸುದ್ದಿ ಓದಿಕೊಳ್ಳುವುದನ್ನು, ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುವ ನಾನು, ಲೇಖನಗಳಲ್ಲಿ ಓದಿದ್ದೆ. ಆ ಸುದ್ದಿಯನ್ನು ಬರೆಯುವ ಕೈಯ ಬಗ್ಗೆ ಕೇಳಿದ್ದು ಇದೇ ಮೊದಲು.

ಆದರೆ ಇಲ್ಲಿ ಒಂದು ತೊಡಕಿತ್ತು. ಬೆಳೆದ ಪಾರಿವಾಳ ಮನೆ ಬದಲಾಯಿಸುವುದಿಲ್ಲ. ಹೊಸ ಜಾಗದಲ್ಲಿ ಎಷ್ಟು ಕಾಲ ಕೂಡಿಹಾಕಿ ಸಾಕಿದರೂ ಬಿಟ್ಟೊಡನೆ ಹಳೆಯ ಗೂಡಿನ ದಿಕ್ಕು ಹಿಡಿಯುತ್ತದೆ. ವೆಂಕಟಸ್ವಾಮಿಯವರ ಹಳೆಯ ಗೆಳೆಯ, ಶಿವಾಜಿನಗರದ ಫೈಸಲ್, ಇದನ್ನು ಮೊದಲ ವಾರವೇ ಬಂದು ಹೇಳಿಹೋಗಿದ್ದ. ಅವನೂ ಹಕ್ಕಿ ಹಾರಿಸುವವನೇ. ಈ ಹಕ್ಕಿಗಳ ಮೇಲೆ ಅವನಿಗೆ ವರ್ಷಗಳಿಂದ ಕಣ್ಣು.

"ಸುಮ್ನೆ ನನ್ಗೆ ಕೊಟ್ಬಿಡಿ ಭಾಯ್. ಜಾಲರಿ ಒಳಗೆ ಇಟ್ಕೊಂಡು ಮರಿ ಮಾಡಿಸ್ತೀನಿ. ಇಲ್ಲಿ ಬಿಟ್ರೆ ಹಲಸೂರಿಗೆ ಹೋಗ್ತಾವೆ. ಅಲ್ಲೇನಿದೆ? ಗುಂಡಿ ಇದೆ."

"ಜಾಲರಿ ಒಳಗೇ ಇಡೋದಾದ್ರೆ ಕೋಳಿ ಸಾಕ್ಬೋದಲ್ಲೋ."

"ಮತ್ತೆ? ಏನ್ ಮಾಡ್ತೀರಿ?"

"ಒಪ್ಪಿಸ್ತೀನಿ. ಒಪ್ಲಿಲ್ಲಾಂದ್ರೆ ನಿನ್ಗೇ. ಮಾತು ಕೊಟ್ಟೆ."

ಅಂದಿನಿಂದ ಆ ಮನೆಯಲ್ಲಿ ಒಂದೇ ಪ್ರಶ್ನೆ: ಹಕ್ಕಿಗಳು ಕೃಷ್ಣರಾಜಪುರವನ್ನು ಒಪ್ಪುತ್ತವೆಯೇ? ಒಪ್ಪದಿದ್ದರೆ ವೆಂಕಟಸ್ವಾಮಿಯವರ ಬೆಳಗುಗಳು ಬರಿದಾಗುತ್ತಿದ್ದವು. ಬಿಳಿಯ ಹಕ್ಕಿಯನ್ನು ಆಡಿಸಬೇಕಾದ ಅವರ ಬಲತೋಳೂ ಈಗ ಭುಜದಿಂದ ಮೇಲಕ್ಕೆ ಸರಿಯಾಗಿ ಏಳುತ್ತಿರಲಿಲ್ಲ.

ಮೋಟಾರು ಪಾರಿವಾಳ ಬಂದದ್ದು ಅಳಿಯ ಸುಗತನ ಮೂಲಕ. ಹಳೇ ಮದ್ರಾಸ್ ರಸ್ತೆಯ ಒಳಗೊಂದು ಶೆಡ್ಡಿನಲ್ಲಿ ಅವನು ಮೇಲ್ವಿಚಾರಕ. ಪ್ಲಾಸ್ಟಿಕ್ ಆಟಿಕೆ ಮಾಡುತ್ತಿದ್ದ ಆ ಶೆಡ್ಡಿಗೆ ಹೊರದೇಶದಿಂದ ವಿಚಿತ್ರ ಕೆಲಸವೊಂದು ಸಿಕ್ಕಿತ್ತು: ಬ್ಯಾಟರಿ ಹಾಕಿದರೆ ರೆಕ್ಕೆ ಬಡಿಯುವ ಪಾರಿವಾಳ. ಅಚ್ಚಿನಿಂದ ಕುತ್ತಿಗೆ ಸೊಟ್ಟಗಾಗಿ ಬಂದ ಒಂದನ್ನು ಸುಗತ ಮನೆಗೆ ತಂದ. ನಾನು ಆಗ ಯಶೋದಮ್ಮನವರ ಜೊತೆ ಕಾಫಿ ಕುಡಿಯುತ್ತಿದ್ದೆ.

"ಇದೇನೋ, ಪಾರಿವಾಳಾನೋ ಬಾತುಕೋಳೀನೋ?" ಎಂದರು ವೆಂಕಟಸ್ವಾಮಿ.

"ಫಾರಿನ್ ಪಾರಿವಾಳ ಮಾವ. ಅಲ್ಲಿ ಕಾಡು ಪಾರಿವಾಳ ಬೆಳೆಗೆ ನುಗ್ತವಂತೆ. ಹೊಲದಲ್ಲಿ ಇದನ್ನ ಕಡ್ಡಿ ಮೇಲೆ ನಿಲ್ಸಿ ಸ್ವಿಚ್ ಹಾಕ್ತಾರೆ. ಮೇಲಿರೋವು ಊಟ ಇದೆ ಅನ್ಕೊಂಡು ಇಳೀತವೆ. ಪೊದೆ ಹಿಂದೆ ಕೂತಿರೋನು ಢಂ ಅನ್ನಿಸ್ತಾನೆ."

ವೆಂಕಟಸ್ವಾಮಿಯವರು ಗೋಡೆಯ ಮೇಲಿದ್ದ ಬುದ್ಧನ ಪಟವನ್ನೊಮ್ಮೆ, ಅಳಿಯನನ್ನೊಮ್ಮೆ ನೋಡಿದರು.

"ನಾನು ಮಾಡೋದು ರೆಕ್ಕೆ ಮಾವ, ಬಂದೂಕಲ್ಲ," ಎಂದ ಸುಗತ, ಕೇಳುವ ಮೊದಲೇ.

"ಗಾಳಕ್ಕೆ ಎರೆಹುಳ ಮಾರೋನೂ ಹಂಗೇ ಅಂತಾನೆ," ಎಂದರು ಯಶೋದಮ್ಮ.

ಹಳಗನ್ನಡದಲ್ಲಿ ದೀವ ಎಂಬ ಮಾತಿದೆ. ಕಾಡಿನ ಮೃಗವನ್ನು ಬಳಿಗೆಳೆಯಲು ಬೇಟೆಗಾರ ಮುಂದೆ ಬಿಡುವ ಪಳಗಿದ ಮೃಗ. ಸಾವಿರ ವರ್ಷದ ಆ ಉಪಾಯಕ್ಕೆ ಈಗ ಬ್ಯಾಟರಿ ಬಂದಿತ್ತು, ಅಷ್ಟೆ. ವೆಂಕಟಸ್ವಾಮಿಯವರು ಸ್ವಿಚ್ ಒತ್ತಿದರು. ಹಕ್ಕಿ ಟಕಟಕನೆ ರೆಕ್ಕೆ ಬಡಿಯಿತು. ಆ ಎರಡು ರೆಕ್ಕೆಗಳನ್ನು ಅವರು ನೋಡಿದ ರೀತಿಯಲ್ಲಿ, ತಮ್ಮದೇ ತೋಳು ಮರಳಿ ಬಂದಂತಹ ಆಸೆಯಿತ್ತು.

"ಗುಂಡು ಹೊಡ್ಯೋಕೆ ಇಳಿಸ್ಬೋದು ಅಂದ್ರೆ, ಜೋಳ ಹಾಕೋಕೂ ಇಳಿಸ್ಬೋದಲ್ಲ," ಎಂದರು.

ಮರುದಿನವೇ ಕುಷನ್ ಅಂಗಡಿಯ ಕೈ ಕೆಲಸಕ್ಕಿಳಿಯಿತು. ಉಳಿಸಿಕೊಂಡಿದ್ದ ಬಿಳಿ ರೆಕ್ಸಿನ್ ತುಂಡುಗಳನ್ನು ರೆಕ್ಕೆಯ ಅಳತೆಗೆ ಕತ್ತರಿಸಿ ಹೊಲಿದರು. ಸೊಟ್ಟ ಕುತ್ತಿಗೆಗೆ ಸ್ಪಂಜು ತುಂಬಿ ನೆಟ್ಟಗೆ ಮಾಡಿದರು. ಕೊನೆಗೆ ಕೆಂಪು ಬಣ್ಣದಲ್ಲಿ ಕಣ್ಣು ಬರೆಯಲು ಕುಳಿತಾಗ ನಾನು ತಡೆಯಲಾರದೆ ಹೇಳಿದೆ: "ಅಷ್ಟು ಎತ್ತರದಿಂದ ಕಣ್ಣು ಕಾಣಲ್ಲ. ಅವಕ್ಕೆ ಬಿಳಿ ಮಿಟುಕಿದ್ರೆ ಸಾಕು."

"ಅವಕ್ಕೆ ಸಾಕು ಮೇಡಂ. ಇದಕ್ಕೆ ಬೇಡ್ವಾ?"

ಇನ್ನು ಅವರು ಮಾಡಿದ ತಪ್ಪಿನ ಮಾತು. ಅದು ಪ್ರೀತಿ ಇರುವವರು ಮಾತ್ರ ಮಾಡಬಹುದಾದ ತಪ್ಪು. ಹಕ್ಕಿಗಳು ಹೊಸ ಮಹಡಿಯಲ್ಲಿ ಜಾಲರಿಯ ಗೂಡಿನೊಳಗೆ ಇನ್ನೂ ಬಂಧಿಯಾಗಿದ್ದವು. ವೆಂಕಟಸ್ವಾಮಿಯವರು ಪ್ರತಿದಿನ ಬೆಳಿಗ್ಗೆ ಮೋಟಾರು ಪಾರಿವಾಳವನ್ನು ಅವುಗಳೆದುರು ನಿಲ್ಲಿಸಿ ಸ್ವಿಚ್ ಹಾಕತೊಡಗಿದರು.

"ಮನೆಗೆ ಹೊಸ ಸೊಸೆ ಬಂದ್ರೆ ಎಲ್ಲಾರ್ಗೂ ಪರಿಚಯ ಮಾಡಿಸ್ಬೇಕಲ್ವಾ," ಎಂಬುದು ಅವರ ವಾದ. "ಒಂದೇ ಸಲ ಮೇಲಿಂದ ನೋಡಿದ್ರೆ ಇದ್ಯಾರಪ್ಪ ಅಂತ ಬೆದರ್ತಾವೆ."

ಮೊದಲೆರಡು ದಿನ ಹಕ್ಕಿಗಳು ಕತ್ತು ನಿಮಿರಿಸಿ ಮೂಲೆ ಸೇರಿದವು. ಆಮೇಲೆ ಗಂಡೊಂದು ಎದೆಯುಬ್ಬಿಸಿ, ಸುತ್ತು ತಿರುಗಿ, ಹೊಸಬಳಿಗೆ ವಂದನೆ ಸಲ್ಲಿಸಿತು. ಉತ್ತರ ಬಾರದಿದ್ದಾಗ ಅವಮಾನವಾದಂತೆ ತಿರುಗಿ ಕುಳಿತಿತು. ಎರಡನೆಯ ವಾರಕ್ಕೆ ಯಾವುದೂ ತಲೆಯೆತ್ತಿ ನೋಡುತ್ತಿರಲಿಲ್ಲ. ರೆಕ್ಕೆಗಳು ಟಕಟಕ ಬಡಿಯುತ್ತಿದ್ದರೆ ಇವು ಬೆನ್ನು ಹಾಕಿ ಕಾಳು ಹೆಕ್ಕುತ್ತಿದ್ದವು.

"ನೋಡಿದ್ರಾ, ಹೆದರಿಕೆ ಪೂರ್ತಿ ಹೋಯ್ತು. ಇನ್ನು ನಮ್ಮೋಳೇ," ಎಂದು ಅವರು ಹಿಗ್ಗಿದರು.

ಫಲವಿಲ್ಲದೆ ಮತ್ತೆ ಮತ್ತೆ ಕಂಡ ಸಂಕೇತವನ್ನು ಜೀವಿಗಳು ಸಂಕೇತವೆಂದೇ ಎಣಿಸುವುದನ್ನು ಬಿಡುತ್ತವೆ. ರೈಲು ಹಳಿಯ ಪಕ್ಕದ ಮನೆಯವರಿಗೆ ರೈಲು ಕೇಳಿಸುವುದಿಲ್ಲ. ಇದನ್ನೇ ಅವರಿಗೆ ಹೇಳಿದೆ: "ಅವಕ್ಕೆ ಇದು ಅಭ್ಯಾಸ ಆಗ್ಬಿಟ್ಟಿದೆ ಅನ್ಸುತ್ತೆ."

"ಅಭ್ಯಾಸ ಆಗ್ಲಿ ಅಂತಾನೇ ಮೇಡಂ ಇಷ್ಟು ಒದ್ದಾಡಿದ್ದು!"

ನನ್ನದೂ ಊಹೆಯೇ; ಪಾರಿವಾಳವನ್ನು ಕೇಳಿ ಬಂದವಳಲ್ಲ ನಾನು.

ಬಿಡುವ ದಿನ ಭಾನುವಾರ. ಫೈಸಲ್ ಬೆಳಗಿನಲ್ಲೇ ಸ್ಕೂಟರಿನಲ್ಲಿ ಬಂದಿದ್ದ. ಹಿಂದಿನ ಸೀಟಿಗೆ ಖಾಲಿ ಬುಟ್ಟಿಗಳನ್ನು ಕಟ್ಟಿ ತಂದಿದ್ದ. ಅದನ್ನು ಕಂಡ ವೆಂಕಟಸ್ವಾಮಿಯವರು, "ಹೆಣಕ್ಕೆ ಮೊದ್ಲು ಚಟ್ಟ ತಂದಂಗೆ ಬಂದಿದೀಯಲ್ಲೋ," ಎಂದು ಬೈದರು. ಗೂಡಿನ ಬಾಗಿಲು ತೆಗೆದರು.

ಹಕ್ಕಿಗಳು ಒಮ್ಮೆಲೇ ಎದ್ದವು. ಮನೆಯ ಮೇಲೆ ಸಣ್ಣ ಸುತ್ತು, ನಂತರ ದೊಡ್ಡ ಸುತ್ತು, ತೂಗುಸೇತುವೆಯ ಕಡೆಗೆ ಹೋಗಿ ಮತ್ತೆ ಇತ್ತ. ವೆಂಕಟಸ್ವಾಮಿಯವರು ಜೋಳ ಚೆಲ್ಲಿ, ಶಿಳ್ಳೆ ಹೊಡೆದು, ಮೋಟಾರು ಪಾರಿವಾಳದ ಸ್ವಿಚ್ ಹಾಕಿದರು. ಬಿಳಿ ರೆಕ್ಸಿನ್ ಬಿಸಿಲಿಗೆ ಮಿಂಚಿತು.

ಅದು ಕೆಲಸ ಮಾಡಲಿಲ್ಲ ಎಂದರೆ ಸುಳ್ಳಾಗುತ್ತದೆ. ಎದುರಿನ ಅಪಾರ್ಟ್‌ಮೆಂಟಿನ ನೀರಿನ ಟ್ಯಾಂಕಿನಿಂದ, ಫ್ಲೈಓವರಿನ ಕೆಳಗಿನಿಂದ, ಎಲ್ಲಿಂದಲೋ, ಯಾರೂ ಸಾಕದ ಬೂದು ಪಾರಿವಾಳಗಳು ಹಿಂಡುಹಿಂಡಾಗಿ ಬಂದಿಳಿದವು. ಎಂದೂ ಈ ಯಂತ್ರವನ್ನು ಕಾಣದ ಅವು ಅದನ್ನು ಪೂರ್ತಿ ನಂಬಿದವು. ಮಹಡಿ ತುಂಬಿತು, ಜೋಳ ಖಾಲಿಯಾಯಿತು. ಯಶೋದಮ್ಮನವರು ಪೊರಕೆ ಹಿಡಿದು ಓಡಿಬಂದರು.

"ಭಾಯ್, ಮಷಿನ್ ಫಸ್ಟ್ ಕ್ಲಾಸ್," ಎಂದ ಫೈಸಲ್, ನಗುತ್ತ. "ಮದ್ವೆಗೆ ನೆಂಟ್ರನ್ನ ಬಿಟ್ಟು ಬೀದಿನೆಲ್ಲ ಕರೀತು."

ಮೇಲೆ, ಅವರ ಸ್ವಂತದವು ಕೊನೆಯ ಸುತ್ತು ಹಾಕಿ ಪಶ್ಚಿಮಕ್ಕೆ ವಾಲಿದವು. ಯಂತ್ರದ ಕಡೆಗೆ ಒಂದಾದರೂ ತಿರುಗಲಿಲ್ಲ. ವೆಂಕಟಸ್ವಾಮಿಯವರು ಕಣ್ಣಿಗೆ ಕೈ ಅಡ್ಡ ಹಿಡಿದು, ಚುಕ್ಕೆಗಳು ಕರಗುವ ತನಕ ನೋಡಿದರು. ಫೈಸಲ್ ನಗುವುದನ್ನು ನಿಲ್ಲಿಸಿದ.

"ಹಲಸೂರಲ್ಲಿ ಕೂರೋಕೆ ಜಾಗ ಇಲ್ಲ. ಹದ್ದು ಮೇಲೆ ಬೀಳುತ್ತೆ," ಎಂದರು ವೆಂಕಟಸ್ವಾಮಿ. "ಫೈಸಲ್, ಗೂಡಲ್ಲಿ ಉಳಿದಿರೋ ಆ ಬಿಳೀದನ್ನ ನೀನು ಸ್ಕೂಟರಲ್ಲಿ ತಗೊಂಡ್ ಬಾ. ಮೆಟ್ರೋದಲ್ಲಿ ಬಿಡಲ್ಲ. ಸಿಗ್ನಲ್ ಹಾರಿಸ್ಬೇಡ ಇವತ್ತೊಂದಿನ."

ನಾನೂ ಅವರ ಜೊತೆ ಹೊರಟೆ. ರೈಲಿನಲ್ಲಿ ಅವರು ಕೂರಲಿಲ್ಲ. ಬಾಗಿಲ ಗಾಜಿಗೆ ಹಣೆಯೊತ್ತಿ, ಇಳಿಯುವ ತನಕ ಆಕಾಶವನ್ನೇ ನೋಡುತ್ತಿದ್ದರು.

ಹಲಸೂರಿನಲ್ಲಿ ಅವರ ವಠಾರವಿದ್ದಲ್ಲಿ ಹಸಿರು ಬಲೆಯ ಬೇಲಿಯೂ ಆಳವಾದ ಗುಂಡಿಯೂ ಇದ್ದವು. ಆ ಗುಂಡಿಯ ಮೇಲೆ, ಒಂದು ಕಾಲದಲ್ಲಿ ಅವರ ಮಹಡಿ ಇದ್ದ ಎತ್ತರದಲ್ಲೇ, ಹಕ್ಕಿಗಳು ಸುತ್ತುತ್ತಿದ್ದವು. ಇಳಿಯಲು ಬರುತ್ತಿದ್ದವು, ಕಾಲೂರಲು ಏನೂ ಸಿಗದೆ ಮತ್ತೆ ಏಳುತ್ತಿದ್ದವು. ಅವುಗಳ ನೆನಪು ಎಷ್ಟು ನಿಖರವಾಗಿತ್ತೆಂದರೆ ನನಗೆ ನೋಡಲಾಗಲಿಲ್ಲ.

ಪಕ್ಕದ ಮನೆಯ ಸುಭದ್ರಮ್ಮ ಗೇಟಿನಲ್ಲೇ ನಿಂತಿದ್ದರು. ಸಂಡಿಗೆ ಒಣಹಾಕಿದಾಗಲೆಲ್ಲ ಈ ಹಕ್ಕಿಗಳ ವಿಷಯಕ್ಕೆ ವೆಂಕಟಸ್ವಾಮಿಯವರೊಡನೆ ಜಗಳವಾಡಿದ ಹಿರಿಯಾಕೆ.

"ಬಂದ್ಯಾ? ನಿನ್ ಮಕ್ಳು ಆಗಿಂದ ತಲೆ ತಿನ್ತಾ ಇದಾವೆ."

"ಸುಭದ್ರಕ್ಕ, ಮಹಡಿಗೆ ಹೋಗ್ಲಾ?"

"ಚಪ್ಪಲಿ ಬಿಟ್ಟು ಹೋಗು. ಹಪ್ಪಳ ಹಾಕಿದೀನಿ."

ಫೈಸಲ್ ರಟ್ಟಿನ ಪೆಟ್ಟಿಗೆಯಿಂದ ಬಿಳಿಯ ಹಕ್ಕಿಯನ್ನು ತೆಗೆದುಕೊಟ್ಟ. ವೆಂಕಟಸ್ವಾಮಿಯವರು ಬಲತೋಳೆತ್ತಿದರು, ಅದು ಭುಜದ ಮಟ್ಟಕ್ಕೆ ನಿಂತಿತು. ಫೈಸಲ್ ಅವರ ಮೊಣಕೈಯ ಕೆಳಗೆ ತನ್ನ ಅಂಗೈ ಕೊಟ್ಟು ಮೇಲಕ್ಕೆ ಒತ್ತಿ ಹಿಡಿದ. ಇಬ್ಬರ ಬಲದಲ್ಲಿ ಆ ಕೈ ಆಡಿತು. ಬಿಳಿಯ ರೆಕ್ಕೆಗಳು ಬಡಿದವು, ಶಿಳ್ಳೆ ಕೇಳಿತು.

ಹಕ್ಕಿಗಳ ಸುತ್ತು ಓರೆಯಾಯಿತು. ಮೊದಲು ಒಂದು, ಹಿಂದೆಯೇ ಉಳಿದವು, ರೆಕ್ಕೆಗಳನ್ನು ವಿ ಆಕಾರಕ್ಕೆ ಎತ್ತಿ ಹಪ್ಪಳಗಳ ನಡುವೆ ಇಳಿದವು. ಅವನ್ನು ಇಳಿಸಿದ್ದು ರೆಕ್ಕೆಯೋ, ಶಿಳ್ಳೆಯೋ, ಬರೀ ದಣಿವೋ ಎಂದು ತಿಳಿಯಲು ಇನ್ನಷ್ಟು ಪ್ರಯೋಗಗಳು ಬೇಕಾಗುತ್ತವೆ. ನನಗೆ ಆ ಹೊತ್ತಿನಲ್ಲಿ ಪ್ರಯೋಗ ಬೇಕೆನಿಸಲಿಲ್ಲ.

ಫೈಸಲ್ ಬುಟ್ಟಿಯ ಮುಚ್ಚಳ ತೆಗೆದ. "ಹಾಕ್ಲಾ ಭಾಯ್?"

ವೆಂಕಟಸ್ವಾಮಿಯವರು ಬಿಳಿಯ ಹಕ್ಕಿಯನ್ನು ಎದೆಗವಚಿಕೊಂಡು ನಿಂತರು. ಮಾತು ಕೊಟ್ಟಾಗಿತ್ತು. ಶಿವಾಜಿನಗರಕ್ಕೆ ಹೋದರೂ ಜಾಲರಿ, ಕೃಷ್ಣರಾಜಪುರಕ್ಕೆ ಮರಳಿದರೂ ಜಾಲರಿ.

"ಏನ್ ಹಂಗ್ ನಿಂತಿದೀಯ, ಯಾರಾದ್ರೂ ಹೋಗ್ಬಿಟ್ರಾ?" ಎನ್ನುತ್ತ ಮೇಲೆ ಬಂದ ಸುಭದ್ರಮ್ಮನಿಗೆ ಫೈಸಲನೇ ಎಲ್ಲ ವಿವರಿಸಿದ. ಆಕೆ ಹಪ್ಪಳ ತುಳಿಯುತ್ತಿದ್ದ ಒಂದು ಹಕ್ಕಿಯನ್ನು ಸೆರಗಿನಿಂದ ಅಟ್ಟಿದರು.

"ಅಲ್ಲಿ ಟ್ಯಾಂಕ್ ಕೆಳಗೆ ಜಾಗ ಇದೆ. ದಿನಾ ಬೆಳಿಗ್ಗೆ ನೀನೇ ಬಂದು ಗುಡಿಸ್ಬೇಕು. ನನ್ ಹಪ್ಪಳದ ಮೇಲೆ ಏನಾದ್ರೂ ಬಿತ್ತೋ, ಬಿರಿಯಾನಿ ಮಾಡಿಸ್ತೀನಿ. ಈ ಫೈಸಲನ್ನೇ ಕರೆದು ಮಾಡಿಸ್ತೀನಿ."

ವೆಂಕಟಸ್ವಾಮಿಯವರು ಫೈಸಲ್‌ನ ಮುಖ ನೋಡಿದರು. ಅವನು ಬುಟ್ಟಿಯನ್ನು ಮುಚ್ಚಿ, ತಲೆಕೆಳಗು ಮಾಡಿ, ಅದರ ಮೇಲೆ ಕುಳಿತ.

"ಇರ್ಲಿ ಬಿಡಿ. ಗೂಡಿಗೆ ಹಲಗೆ ನಾನ್ ತರ್ತೀನಿ. ಆದ್ರೆ ಯಾವ್ದಾದ್ರೂ ದಾರಿ ತಪ್ಪಿ ನಮ್ ಮಹಡಿಗೆ ಬಂದ್ರೆ ವಾಪಸ್ ಕೊಡಲ್ಲ. ಅದು ಹಕ್ಕಿ ಹಾರಿಸೋರ ರೂಲ್ಸು."

"ಬಂದ್ರೆ ಇಟ್ಕೋ. ಬರಲ್ಲ ಕಣೋ."

ಅಂದಿನಿಂದ ವೆಂಕಟಸ್ವಾಮಿಯವರು ಬೆಳಗಿನ ಮೆಟ್ರೋದ ಪ್ರಯಾಣಿಕರು. ಲ್ಯಾಪ್‌ಟಾಪ್ ಚೀಲಗಳ ನಡುವೆ ಅವರ ಜೋಳದ ಚೀಲವೂ ತಪಾಸಣೆಯ ಯಂತ್ರದೊಳಗೆ ಹೋಗಿ ಬರುತ್ತದೆ. ಮೋಟಾರು ಪಾರಿವಾಳವನ್ನು ಸುಗತ ಶೆಡ್ಡಿಗೆ ಮರಳಿಸಿದ. ರೆಕ್ಸಿನ್ ರೆಕ್ಕೆಯ ಹೊಲಿಗೆಯನ್ನು ಅಲ್ಲಿ ಎಲ್ಲರೂ ಮೆಚ್ಚಿಕೊಂಡರಂತೆ.

ಯಶೋದಮ್ಮನವರು ಮಾತ್ರ ಸಿಕ್ಕಾಗಲೆಲ್ಲ ದೂರುತ್ತಿದ್ದರು: "ಹಲಸೂರಿನ ಆ ಗಲ್ಲಿ, ಆ ನೀರಿನ ಕಾಟ, ಬಿಟ್ಟು ಬಂದ್ವಲ್ಲ ಅಂತ ನೆಮ್ಮದಿಯಾಗಿದ್ದೆ. ಈ ಮನುಷ್ಯ ದಿನಾ ಅಲ್ಲಿಗೇ ಓಡ್ತಾರೆ." ಹೀಗೆ ಒಂದು ತಿಂಗಳು ನಡೆಯಿತು. ಆಮೇಲೊಂದು ಬೆಳಿಗ್ಗೆ ಅವರೂ ಸೀರೆ ಬದಲಿಸಿ, ಕೈಚೀಲ ಹಿಡಿದು, ಚಪ್ಪಲಿ ಮೆಟ್ಟಿ ಗೇಟಿನಲ್ಲಿ ನಿಂತಿದ್ದರು.

"ನೀನೆಲ್ಲಿಗೆ?" ಎಂದರು ವೆಂಕಟಸ್ವಾಮಿ.

"ಸೊಪ್ಪು ತರೋಕೆ. ಇಲ್ಲಿ ಸೊಪ್ಪು ಚೆನ್ನಾಗಿರಲ್ಲ."

"ಕೆ.ಆರ್. ಪುರದ ಮಾರ್ಕೆಟ್ ಮನೆ ಮುಂದೆ ಇಟ್ಕೊಂಡು, ಹಲಸೂರಿಗೆ ಸೊಪ್ಪಿಗಾ?"

"ನೀವು ಹಕ್ಕಿಗೆ ಜೋಳ ಹಾಕೋಕೆ ಹೋಗ್ಬೋದು, ನಾನು ಸೊಪ್ಪಿಗೆ ಹೋಗ್ಬಾರ್ದಾ? ನಡೀರಿ, ಆಮೇಲೆ ಸೀಟು ಸಿಗಲ್ಲ."